ನೋಡಿದ್ದು, ಹಿಡಿದದ್ದು

ಹಂಪೆಯ ಮತಂಗ ಬೆಟ್ಟದ ನೆತ್ತಿಯಿಂದ ಸೂರ್ಯೋದಯವನ್ನು ನೋಡಬೇಕೆಂಬುದು ಅಲ್ಲಿಗೆ ಬರುವ ಪ್ರವಾಸಿಗರ ದೊಡ್ಡ ಆಸೆ. ಇನ್ನೂ ಕತ್ತಲಿರುವಾಗಲೇ ಎದ್ದು, ಕಲ್ಲುಮೆಟ್ಟಿಲುಗಳನ್ನು ಎಚ್ಚರದಿಂದ ಏರಿ, ವೀರಭದ್ರನ ಗುಡಿಯ ಬಳಿ ನಿಂತು ಮೂಡಣ ದಿಕ್ಕನ್ನೇ ಕಾಯುತ್ತಿರುವವರನ್ನು ಅಲ್ಲಿ ಕಾಣಬಹುದು. ಕೆಲವು ತಿಂಗಳ ಹಿಂದೆ ನಾನೂ ಏದುಸಿರು ಬಿಡುತ್ತ ಅವರ ನಡುವೆ ಹೋಗಿ ನಿಂತಿದ್ದೆ. ಬಾನಂಚು ಕೆಂಪೇರಿತು. ಬಂಡೆಗಳ ರಾಶಿ ಒಂದೊಂದಾಗಿ ಕತ್ತಲೆಯಿಂದ ಹೊರಬಂದಿತು. ಕೆಳಗೆ ಅಚ್ಯುತರಾಯನ ದೇವಾಲಯದ ಪ್ರಾಕಾರದ ಮೇಲೆ ಎಳೆಬಿಸಿಲು ಬಿದ್ದಿತು. ಆ ಕ್ಷಣದಲ್ಲಿ ನಾನೊಂದು ವಿಚಿತ್ರವನ್ನು ಕಂಡೆ. ಸೂರ್ಯನನ್ನು ನೋಡಲೆಂದೇ ಅಷ್ಟು ದೂರದಿಂದ ಬಂದಿದ್ದವರಲ್ಲಿ ಬಹುಪಾಲು ಮಂದಿ ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತಿದ್ದರು! ಕೈಯನ್ನು ಮುಂದಕ್ಕೆ ಚಾಚಿ, ಮೊಬೈಲಿನ ಪುಟ್ಟ ಗಾಜಿನಲ್ಲಿ ತಮ್ಮ ಮುಖವನ್ನೂ ಅದರ ಹಿಂದಿರುವ ಸೂರ್ಯನನ್ನೂ ಒಟ್ಟಿಗೆ ಹಿಡಿಯಲು ಹೆಣಗುತ್ತಿದ್ದರು. ಹತ್ತು ನಿಮಿಷ ಕಳೆಯುವುದರೊಳಗೆ ಬೆಟ್ಟದ ತುದಿ ಬರಿದಾಯಿತು. ಎಲ್ಲರೂ ಚಿತ್ರಗಳನ್ನು ನೋಡಿಕೊಳ್ಳುತ್ತ ಇಳಿದುಹೋದರು.

ಅವರು ಸೂರ್ಯೋದಯವನ್ನು ನೋಡಿದರೇ? ಈ ಪ್ರಶ್ನೆ ನನ್ನನ್ನು ಅಂದಿನಿಂದಲೂ ಕಾಡುತ್ತಿದೆ. ಛಾಯಾಚಿತ್ರ ತೆಗೆಯುವುದು ತಪ್ಪೆಂದು ನಾನು ಹೇಳುವವನಲ್ಲ. ಆದರೆ ಹಿಡಿಯುವುದು ಬೇರೆ, ನೋಡುವುದು ಬೇರೆ. ನೋಡದೆ ಹಿಡಿದುದು ನಮ್ಮದಾಗುವುದಿಲ್ಲ. ಈ ಮಾತನ್ನೇ ನಿಮ್ಮ ಮುಂದೆ ಕೊಂಚ ವಿವರವಾಗಿ ಇಡಬೇಕೆಂದಿದ್ದೇನೆ.

ಕಂಡ ಚೆಲುವನ್ನು ಉಳಿಸಿಕೊಳ್ಳಬೇಕು, ಕಾಣದವರಿಗೆ ತೋರಿಸಬೇಕು ಎಂಬ ಹಂಬಲ ಹೊಸದಲ್ಲ. ಸುಮಾರು ೧೫೨೦ರಲ್ಲಿ, ಕೃಷ್ಣದೇವರಾಯನು ಆಳುತ್ತಿದ್ದ ಕಾಲದಲ್ಲಿ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದ. ಆ ನಗರವು ಹಲವು ಬೆಟ್ಟಸಾಲುಗಳ ನಡುವೆ ಹರಡಿಕೊಂಡಿದ್ದುದರಿಂದ ಯಾವ ಒಂದು ಜಾಗದಲ್ಲಿ ನಿಂತರೂ ಅದು ಪೂರ್ತಿಯಾಗಿ ಕಾಣುತ್ತಿರಲಿಲ್ಲ. ಅದಕ್ಕಾಗಿ ಆತ ಒಂದು ಬೆಟ್ಟವನ್ನು ಹತ್ತಿದ. ಅಲ್ಲಿಂದ ನಗರದ ದೊಡ್ಡ ಭಾಗ ಕಣ್ಣಿಗೆ ಬಿತ್ತು. ಅದು ರೋಮ್ ನಗರದಷ್ಟು ವಿಸ್ತಾರವಾಗಿ ತೋರಿತೆಂದೂ, ಮನೆಗಳ ನಡುವೆ ತೋಪುಗಳೂ ತೋಟಗಳೂ ಹರಿಯುವ ನೀರಿನ ಕಾಲುವೆಗಳೂ ಇದ್ದವೆಂದೂ ಆತ ಬರೆದಿಟ್ಟ. ಅವನ ಕೈಯಲ್ಲಿ ಕ್ಯಾಮರಾ ಇರಲಿಲ್ಲ, ಇದ್ದುದು ಲೇಖನಿ. ಬರೆಯಬೇಕಾದರೆ ಮೊದಲು ನೋಡಬೇಕು, ನೋಡಿದ್ದನ್ನು ಅಳೆಯಬೇಕು, ತಾನು ಬಲ್ಲ ಮತ್ತೊಂದರೊಡನೆ ಹೋಲಿಸಬೇಕು. ಹೀಗೆ ನೋಡಿದ್ದರಿಂದಲೇ, ೧೫೬೫ರ ಯುದ್ಧದ ತರುವಾಯ ಹಾಳಾದ ಆ ನಗರವು ಅವನ ಬರಹದಲ್ಲಿ ಇಂದಿಗೂ ಉಳಿದಿದೆ.

ಮತಂಗ ಬೆಟ್ಟದ ಮೇಲೆ ನಿಂತು ಪಾಯೆಸನಂತೆ ನಾವೂ ಒಮ್ಮೆ ಕೆಳಗೆ ನೋಡೋಣ. ಸುತ್ತಲೂ ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಬೆಣಚುಕಲ್ಲಿನ ಬಂಡೆಗಳು. ಅವು ಯಾರೋ ಒಯ್ದು ಪೇರಿಸಿದಂತೆ ಕಾಣುತ್ತವೆ. ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಕಲ್ಲುಗಳೆಂದು ನಮ್ಮ ಜನ ಕಥೆ ಹೇಳುತ್ತಾರೆ. ಬಿಸಿಲು ಮಳೆ ಗಾಳಿಗಳು ಬಂಡೆಯ ಬಿರುಕುಗಳನ್ನು ಸವೆಸುತ್ತ ಬಂದು, ಇದ್ದಲ್ಲಿಯೇ ಅದನ್ನು ಗುಂಡುಕಲ್ಲುಗಳಾಗಿ ಮಾಡಿದವೆಂದು ವಿಜ್ಞಾನ ತಿಳಿಸುತ್ತದೆ. ಇಂಥ ಕಲ್ಲಿನ ರಾಜ್ಯದ ನಟ್ಟನಡುವೆ ಬಾಳೆಯ ತೋಟ ಹಚ್ಚಗೆ ಹಾಸಿಕೊಂಡಿದೆ. ಈ ಹಸಿರು ಇಲ್ಲಿಗೆ ಹೇಗೆ ಬಂದಿತು? ಇಲ್ಲಿ ಹರಿಯುವ ತುರ್ತು ಕಾಲುವೆಯು ವಿಜಯನಗರದ ಅರಸರ ಕಾಲದ್ದು. ಅರಮನೆಗಳು ಬಿದ್ದುಹೋದವು, ಬಜಾರುಗಳು ಬರಿದಾದವು. ಆದರೆ ಅಂದು ತೋಡಿದ ಕಾಲುವೆಯ ನೀರು ಇಂದಿಗೂ ಬಾಳೆಯ ಬುಡಕ್ಕೆ ಹರಿಯುತ್ತಿದೆ. ಈ ಪ್ರಶ್ನೆ ಏಳಬೇಕಾದರೆ ಕಣ್ಣು ಒಂದು ಕಡೆ ಸ್ವಲ್ಪ ಹೊತ್ತು ನೆಲೆಸಬೇಕು. ಕ್ಯಾಮರಾ ಹಸಿರನ್ನು ಹಿಡಿಯುತ್ತದೆ. ಹಸಿರು ಏಕಿದೆಯೆಂದು ಕೇಳುವುದು ನೋಡುವವನ ಕೆಲಸ.

ಇನ್ನು ಕ್ಯಾಮರಾದ ವಿಷಯಕ್ಕೆ ಬರೋಣ. ಹಂಪೆಯಲ್ಲಿಯೇ ಒಂದು ಅಪೂರ್ವವಾದ ಕ್ಯಾಮರಾ ಇದೆಯೆಂದರೆ ನಿಮಗೆ ಆಶ್ಚರ್ಯವಾಗಬಹುದು. ವಿರೂಪಾಕ್ಷ ದೇವಾಲಯದ ಹಿಂಬದಿಯಲ್ಲಿ ಒಂದು ಕತ್ತಲೆಯ ಕೋಣೆಯಿದೆ. ಅದರ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬರುತ್ತದೆ. ಪೂರ್ವದಿಕ್ಕಿನ ಮಹಾಗೋಪುರದ ನೆರಳು ಆ ಬೆಳಕಿನೊಡನೆ ಬಂದು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂದು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಗೋಪುರದ ತುದಿಯಿಂದ ಹೊರಟ ಕಿರಣವು ಕಿಂಡಿಯನ್ನು ಹಾದು ಗೋಡೆಯ ಕೆಳಭಾಗವನ್ನೂ, ಬುಡದಿಂದ ಹೊರಟದ್ದು ಮೇಲ್ಭಾಗವನ್ನೂ ಸೇರುವುದರಿಂದ ಬಿಂಬವು ತಲೆಕೆಳಗಾಗುತ್ತದೆ. ಎಲ್ಲ ಕ್ಯಾಮರಾಗಳ ಮೂಲತತ್ತ್ವವೂ ಇದೇ: ಒಂದು ಕತ್ತಲೆಯ ಕೋಣೆ, ಒಂದು ಸಣ್ಣ ಕಿಂಡಿ, ಎದುರಿಗೊಂದು ಗೋಡೆ. ಆ ಗೋಡೆಯ ಮೇಲೆ ಮೂಡಿದ ಬಿಂಬವನ್ನು ಅಳಿಯದಂತೆ ನಿಲ್ಲಿಸುವ ವಿದ್ಯೆಯನ್ನು ಯೂರೋಪಿನವರು ೧೮೩೯ರಲ್ಲಿ ಲೋಕಕ್ಕೆ ಪ್ರಕಟಿಸಿದರು. ಅಂದಿನಿಂದ ಛಾಯಾಚಿತ್ರದ ಯುಗ ಮೊದಲಾಯಿತು.

ಅದಾದ ಹದಿನೇಳು ವರ್ಷಗಳಿಗೆ, ಎಂದರೆ ೧೮೫೬ರಲ್ಲಿ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಗೆ ಕ್ಯಾಮರಾ ತಂದನು. ಅದು ಜೇಬಿನಲ್ಲಿ ಹಿಡಿಸುವಂಥದಲ್ಲ. ಆಳುಗಳು ಹೊತ್ತು ತರಬೇಕಾದ ದೊಡ್ಡ ಪೆಟ್ಟಿಗೆ. ಮೇಣ ಹಚ್ಚಿದ ಕಾಗದದ ಮೇಲೆ ಆತ ಚಿತ್ರ ತೆಗೆಯುತ್ತಿದ್ದನು. ಬಿಂಬವು ಕಾಗದದ ಮೇಲೆ ಮೂಡುವ ತನಕ, ಉರಿಬಿಸಿಲಿನಲ್ಲಿ, ಪೆಟ್ಟಿಗೆ ಕದಲದಂತೆ ಕಾಯಬೇಕಾಗಿತ್ತು. ಒಂದು ಚಿತ್ರಕ್ಕೆ ಇಷ್ಟು ಶ್ರಮವಿರುವಾಗ ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನ ಬೆಳಕು ಒಳ್ಳೆಯದು, ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸದೆ ಗತಿಯಿರಲಿಲ್ಲ.

ಆ ಶ್ರಮದ ಫಲವೇನು ಗೊತ್ತೇ? ವಿಜಯ ವಿಠಲ ದೇವಾಲಯದ ಕಲ್ಲಿನ ರಥವನ್ನು ನೀವೆಲ್ಲ ಬಲ್ಲಿರಿ. ೨೦೧೭ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿಯೂ ಅದರ ಚಿತ್ರವಿದೆ. ನಮ್ಮ ಕಣ್ಣಿಗೆ ಆ ರಥದ ನೆತ್ತಿ ಬೋಳಾಗಿ ಕಾಣುತ್ತದೆ. ಆದರೆ ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಮುಂದೆ ಆ ಶಿಖರವು ಇಲ್ಲವಾಯಿತು. ಅದು ಹೇಗಿತ್ತೆಂದು ಇಂದು ನಮಗೆ ತೋರಿಸುವುದು ಆ ಹಳೆಯ ಚಿತ್ರ. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತೇಳು ವರ್ಷಗಳ ಕಾಲ ಏನನ್ನು ಉಳಿಸಿತು, ಏನನ್ನು ಅಳಿಸಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಛಾಯಾಚಿತ್ರದ ಹಿರಿಮೆ ಇಲ್ಲಿದೆ. ಅದು ಕಾಲದ ಎದುರು ನಿಲ್ಲುವ ಸಾಕ್ಷಿ.

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮ ಮಾಸ್ತರರೊಬ್ಬರ ಬಳಿ ಅಗ್ಫಾ ಪೆಟ್ಟಿಗೆ ಕ್ಯಾಮರಾ ಒಂದಿತ್ತು. ಅದರ ಒಂದು ಸುರುಳಿಯಲ್ಲಿ ಹನ್ನೆರಡೇ ಚಿತ್ರಗಳು. ನಮ್ಮನ್ನು ಮತಂಗ ಬೆಟ್ಟಕ್ಕೆ ಕರೆದೊಯ್ದ ದಿನ, ತುದಿಯನ್ನು ತಲಪಿದೊಡನೆ ನಾವೆಲ್ಲ ಸಾಲಾಗಿ ನಿಂತು ತಲೆ ಬಾಚಿಕೊಳ್ಳತೊಡಗಿದೆವು. ಅವರು ಕ್ಯಾಮರಾವನ್ನು ಅದರ ಚೀಲದಿಂದ ಹೊರಗೇ ತೆಗೆಯಲಿಲ್ಲ. “ಕೂತುಕೊಳ್ರಪ್ಪ. ಅರ್ಧ ಗಂಟೆ ಯಾರೂ ಮಾತಾಡಬಾರದು. ಆಮೇಲೆ ಯಾರು ಏನು ಕಂಡಿರಿ ಅಂತ ಕೇಳ್ತೀನಿ” ಎಂದರು. ನಮಗೆ ಬೇಸರವೇ ಆಯಿತು, ಆದರೆ ಕುಳಿತೆವು. ಒಬ್ಬನು ಹೊಳೆಯ ತಿರುವನ್ನು ಕಂಡನು. ಮತ್ತೊಬ್ಬನು ಹರಿಗೋಲೊಂದು ಈ ದಡದಿಂದ ಆ ದಡಕ್ಕೆ ನೇರವಾಗಿ ಹೋಗದೆ, ಮೊದಲು ಹೊಳೆಯ ಮೇಲಕ್ಕೆ ಹೋಗಿ ಆಮೇಲೆ ತೇಲುತ್ತ ಎದುರು ದಡವನ್ನು ಸೇರಿದ್ದನ್ನು ಕಂಡನು. ಇನ್ನೊಬ್ಬನು ಗುಡಿಯ ಕಂಬಗಳ ನೆರಳು ಅರ್ಧ ಗಂಟೆಯಲ್ಲಿ ಎಷ್ಟು ಮೊಟಕಾಯಿತೆಂದು ಹೇಳಿದನು. ನಾನು ಕಂಡದ್ದು ಬಂಡೆಯ ಸಂದಿನಲ್ಲಿ ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳನ್ನು. ಎಲ್ಲರೂ ನಕ್ಕರು, ಮಾಸ್ತರರು ಮಾತ್ರ ನಗಲಿಲ್ಲ. ಕೊನೆಗೆ ಅವರು ಒಂದೇ ಒಂದು ಚಿತ್ರ ತೆಗೆದರು. ಅದರಲ್ಲಿ ನನ್ನ ಮುಖ ಬೇರೊಬ್ಬನ ತಲೆಯ ಹಿಂದೆ ಮರೆಯಾಗಿತ್ತು! ಆ ಚಿತ್ರ ಈಗ ಎಲ್ಲಿದೆಯೋ ಅರಿಯೆ. ಆದರೆ ಆ ಅರ್ಧ ಗಂಟೆ ನನ್ನಲ್ಲಿ ಹಾಗೆಯೇ ಇದೆ. ಹರಿಗೋಲು ಏಕೆ ಮೊದಲು ಮೇಲಕ್ಕೆ ಹೋಗುತ್ತದೆಂಬುದನ್ನು ಆ ದಿನವೇ ನಾವು ತರ್ಕಿಸಿ ತಿಳಿದುಕೊಂಡೆವು.

ಇಲ್ಲಿ ನೀವು ನನ್ನನ್ನು ತಡೆದು ಕೇಳಬಹುದು: “ಹನ್ನೆರಡೇ ಚಿತ್ರಗಳಿದ್ದ ಕಾಲ ಬಡತನದ ಕಾಲ. ಸಾವಿರ ಚಿತ್ರ ತೆಗೆಯಬಲ್ಲ ಯಂತ್ರವು ಸಾಮಾನ್ಯರ ಕೈಗೆ ಬಂದಿರುವುದು ಒಳ್ಳೆಯದಲ್ಲವೇ? ಬೆಟ್ಟ ಹತ್ತಲಾರದ ನಮ್ಮ ಅಜ್ಜಿ ಮನೆಯಲ್ಲಿ ಕುಳಿತೇ ಹಂಪೆಯನ್ನು ನೋಡುತ್ತಾಳಲ್ಲವೇ?” ಈ ಮಾತನ್ನು ನಾನು ಒಪ್ಪುತ್ತೇನೆ. ಹಿಂದೆ ಉಳ್ಳವರಿಗೆ ಮಾತ್ರ ದಕ್ಕುತ್ತಿದ್ದ ವಿದ್ಯೆ ಇಂದು ಕೂಲಿಕಾರನ ಮಗಳ ಕೈಗೂ ಬಂದಿರುವುದು ದೊಡ್ಡ ಲಾಭ. ಮಂಡಿನೋವಿನ ಅಜ್ಜಿಯ ಮುಂದೆ ಮೊಮ್ಮಗಳು ಕುಳಿತು ಒಂದೊಂದೇ ಚಿತ್ರ ತೋರಿಸುವುದಕ್ಕಿಂತ ಸೊಗಸಾದ ನೋಟ ಬೇರೆ ಯಾವುದಿದೆ? ಆದರೆ ಅಜ್ಜಿ ಸುಮ್ಮನೆ ನೋಡುವವಳಲ್ಲ. “ಇದು ಯಾವ ಗುಡೀನವ್ವಾ? ಆ ಕಡೆ ಕಾಣೋದು ಹೊಳೇನಾ, ಕಾಲುವೇನಾ? ಅಲ್ಲಿ ಗಾಳಿ ಹೆಂಗಿತ್ತು?” ಎಂದು ಕೇಳುತ್ತಾಳೆ. ನೋಡಿಬಂದವಳು ಉತ್ತರ ಹೇಳುತ್ತಾಳೆ. ಬರಿದೆ ಹಿಡಿದುಬಂದವಳು ಮುಂದಿನ ಚಿತ್ರಕ್ಕೆ ಬೆರಳು ಸರಿಸುತ್ತಾಳೆ. ಆದುದರಿಂದ ಚಿತ್ರಗಳು ಹೆಚ್ಚಾದುದು ದೋಷವಲ್ಲ; ಚಿತ್ರ ಹೆಚ್ಚಾದಂತೆ ನೋಟ ಕಡಿಮೆಯಾದುದು ದೋಷ.

ಈ ದೋಷವು ನಮ್ಮೊಬ್ಬರ ನಷ್ಟಕ್ಕೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನೋಡುವ ಜಾಗವನ್ನು ಕೇವಲ ಚಿತ್ರದ ಹಿನ್ನೆಲೆಯೆಂದು ಬಗೆದಾಗ ಆ ಜಾಗದ ಮೇಲಿನ ಗೌರವವೇ ಹೊರಟುಹೋಗುತ್ತದೆ. ೨೦೧೯ರ ಫೆಬ್ರವರಿಯಲ್ಲಿ, ಹಂಪೆಯ ಕಲ್ಲುಕಂಬವೊಂದನ್ನು ಯುವಕರು ತಳ್ಳಿ ಕೆಡವುತ್ತಿರುವ ದೃಶ್ಯ ಮೊಬೈಲುಗಳಲ್ಲಿ ದೇಶದ ತುಂಬ ಹರಡಿತು. ಶಿಲ್ಪಿಗಳು ಕಡೆದು ನಿಲ್ಲಿಸಿದ ಕಂಬವು ಶತಮಾನಗಳ ಬಿಸಿಲು ಮಳೆಗಳನ್ನು ತಾಳಿಕೊಂಡು ನಿಂತಿತ್ತು. ಕ್ಷಣಮಾತ್ರದ ವಿನೋದಕ್ಕೆ ಅದು ನೆಲ ಕಂಡಿತು. ನ್ಯಾಯಾಲಯವು ತಪ್ಪಿತಸ್ಥರಿಗೆ ತಲಾ ೭೦,೦೦೦ ರೂಪಾಯಿಗಳ ದಂಡ ವಿಧಿಸಿತು. ಬಿದ್ದ ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ಎತ್ತಿ ನಿಲ್ಲಿಸುವಂತೆ ಮಾಡಿತು. ೧೯೮೬ರಿಂದ ವಿಶ್ವಪರಂಪರೆಯ ತಾಣವೆಂದು ಲೋಕವೇ ಮನ್ನಿಸಿರುವ ಹಂಪೆಯಲ್ಲಿ ಇಂಥದು ನಡೆಯಿತೆಂಬುದು ನಮಗೆ ನಾಚಿಕೆಯ ಸಂಗತಿ. ಆ ಕಂಬದ ಭಾರವನ್ನು ಹೆಗಲಿನ ಮೇಲೆ ಅರಿತಾಗಲಾದರೂ ಅವರು ಅದನ್ನು ಮೊದಲ ಬಾರಿಗೆ ನಿಜವಾಗಿ ನೋಡಿರಬೇಕು.

ಹಾಗೆಯೇ ದರೋಜಿಯ ಕರಡಿಧಾಮವನ್ನು ನೆನೆಯಿರಿ. ಅಲ್ಲಿನ ವೀಕ್ಷಣಾ ಗೋಪುರದಲ್ಲಿ ಕುಳಿತರೆ, ಸಂಜೆಯಾಗುತ್ತ ಬಂದಂತೆ ಎದುರಿನ ಗುಡ್ಡದ ಬಂಡೆಗಳಿಂದ ಕರಡಿಗಳು ಇಳಿದುಬರುತ್ತವೆ. ಕೆಲವೊಮ್ಮೆ ಮರಿಗಳು ತಾಯಿಯ ಬೆನ್ನೇರಿ ಬರುತ್ತವೆ. ಅಲ್ಲಿ ಚಿತ್ರ ಬೇಕಾದವನು ಮೊದಲು ಮೌನವನ್ನು ಕಲಿಯಬೇಕು. ಕೂಗಿದವನಿಗೆ ಚಿತ್ರವೂ ಇಲ್ಲ, ಕರಡಿಯೂ ಇಲ್ಲ. ಕಂಬವು ಓಡಿಹೋಗಲಾರದು, ಆದುದರಿಂದಲೇ ಅದರ ಮುಂದೆ ನಾವು ಇನ್ನಷ್ಟು ಎಚ್ಚರದಿಂದ ನಡೆದುಕೊಳ್ಳಬೇಕು. ಬೆಟ್ಟದ ಅಂಚೂ ಅಷ್ಟೇ. ಚಿತ್ರದಲ್ಲಿ ಚೆನ್ನಾಗಿ ಕಾಣಬೇಕೆಂದು ಹಿಂದೆ ಹಿಂದಕ್ಕೆ ಹೆಜ್ಜೆಯಿಡುವವನಿಗೆ ಬೆನ್ನ ಹಿಂದೆ ಕಣ್ಣಿರುವುದಿಲ್ಲ. ಮನೆಯಲ್ಲಿ ಕಾಯುತ್ತಿರುವ ತಾಯಿಗೆ ಬೇಕಾದುದು ಮಗನೇ ಹೊರತು ಮಗನ ಚಿತ್ರವಲ್ಲ.

ಮತ್ತೊಂದು ಮಾತು. ಎಲ್ಲರೂ ಹೋಗುವ ಕಡೆಯೇ ಹೋಗಿ, ಎಲ್ಲರೂ ನಿಲ್ಲುವ ಕಲ್ಲಿನ ಮೇಲೆಯೇ ನಿಂತು, ಎಲ್ಲರೂ ತೆಗೆದ ಚಿತ್ರವನ್ನೇ ನಾವೂ ತೆಗೆದರೆ ಲೋಕಕ್ಕೆ ನಾವು ಕೊಟ್ಟ ಹೊಸದೇನು? ಹೊಸಪೇಟೆಯ ತುಂಗಭದ್ರಾ ಅಣೆಕಟ್ಟನ್ನೇ ನೋಡಿ. ಅಲ್ಲಿನ ವೈಕುಂಠ ಗುಡ್ಡದ ಮೇಲೆ ನಿಂತು ಜಲಾಶಯದ ಚಿತ್ರ ತೆಗೆದವರಿಗೆ ಲೆಕ್ಕವಿಲ್ಲ. ಅವರಲ್ಲಿ ನಾನೂ ಒಬ್ಬ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅದರ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ರೈತರ ಎದೆ ನಡುಗಿತು. ಕೆಲಸಗಾರರು ಹಗಲಿರುಳು ದುಡಿದು, ರಭಸದಿಂದ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕವಾದ ಉಕ್ಕಿನ ತಡೆಯನ್ನು ಇಳಿಸಿ ಜಲಾಶಯದ ನೀರನ್ನು ಉಳಿಸಿದರು. ಅಂದು ನಾನು ನನ್ನ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಅವುಗಳಲ್ಲಿ ನೀರಿನ ನೊರೆ ಇತ್ತು, ಮುಗಿಲಿತ್ತು, ನೆಂಟರಿಷ್ಟರ ನಗುಮುಖಗಳಿದ್ದವು. ಇಷ್ಟೆಲ್ಲ ನೀರನ್ನು ಹಿಡಿದು ನಿಲ್ಲಿಸಿದ್ದ ಸರಪಳಿಯ ಕಡೆಗೆ ನಾನು ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ನಾನಿರುವ ವಡ್ಡು, ಸಂಡೂರು ತಾಲ್ಲೂಕಿನ ಒಂದು ಹಳ್ಳಿ, ತೋರಣಗಲ್ಲಿಗೆ ಹತ್ತಿರ. ಇಲ್ಲಿಗೆ ಯಾವ ಪ್ರವಾಸಿಯೂ ಚಿತ್ರ ತೆಗೆಯಲೆಂದು ಬರುವುದಿಲ್ಲ. ಸುತ್ತಲಿನ ಹೊಲಗಳು, ಉಕ್ಕಿನ ಕಾರ್ಖಾನೆಯ ಹೊಗೆಗೊಳವೆಗಳು, ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು, ಸಂಡೂರಿನ ಬೆಟ್ಟಸಾಲು, ಇವು ನಮ್ಮ ನೋಟಗಳು. ಸಂಡೂರನ್ನು ಸೆಪ್ಟೆಂಬರ್ ತಿಂಗಳಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದರೆಂಬ ಮಾತು ಈ ಸೀಮೆಯ ಜನರ ಬಾಯಲ್ಲಿದೆ. ಮಳೆಗಾಲದ ಕೊನೆಯಲ್ಲಿ ನಾರಿಹಳ್ಳದ ಬಳಿ ನಿಂತವರಿಗೆ ಆ ಮಾತು ಉತ್ಪ್ರೇಕ್ಷೆಯೆನಿಸುವುದಿಲ್ಲ. ಅದೇ ಬೆಟ್ಟಗಳ ಒಡಲಿನಲ್ಲಿ ಕಬ್ಬಿಣದ ಅದಿರಿದೆ. ಅದನ್ನು ಮಿತಿಮೀರಿ ಅಗೆದುದರಿಂದ ಆದ ಹಾನಿಯನ್ನು ಕಂಡು, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು; ಮುಂದೆ ೨೦೧೩ರಲ್ಲಿ ಕಟ್ಟುಪಾಡುಗಳೊಡನೆ ಅದಕ್ಕೆ ಅವಕಾಶ ಕೊಟ್ಟಿತು. ಬೆಟ್ಟದ ಯಾವ ಮಗ್ಗುಲು ಹಿಂದೆ ಹೇಗಿತ್ತು, ಎಲ್ಲಿ ಕಾಡು ಹೋಯಿತು, ಎಲ್ಲಿ ಮತ್ತೆ ಚಿಗುರಿತು ಎಂದು ಕೇಳಿದರೆ ನಮ್ಮೂರಿನ ಹಿರಿಯರು ಕೈ ತೋರಿಸಿ ಹೇಳುತ್ತಾರೆ. ಆದರೆ ಕೈ ತೋರಿಸುವ ಹಿರಿಯರು ಎಷ್ಟು ಕಾಲ ಇರುತ್ತಾರೆ?

ಇಲ್ಲಿಯೇ ನಿಮ್ಮ ಕ್ಯಾಮರಾಕ್ಕೆ ನಿಜವಾದ ಕೆಲಸವಿದೆ. ನಿಮ್ಮ ಊರಿನ ಹೊರಗೆ ಒಂದು ಜಾಗವನ್ನು ಗೊತ್ತುಮಾಡಿಕೊಳ್ಳಿ. ಒಂದು ಬಂಡೆಯಾಗಲಿ, ಕೆರೆಯ ಏರಿಯಾಗಲಿ, ಶಾಲೆಯ ಮಾಳಿಗೆಯಾಗಲಿ ಸಾಕು. ಪ್ರತಿವರ್ಷವೂ ಅದೇ ತಿಂಗಳಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ನಿಂತು ಒಂದು ಚಿತ್ರ ತೆಗೆಯಿರಿ. ಅದರ ಜೊತೆಗೆ ದಿನಾಂಕವನ್ನೂ, ಆ ದಿನ ನೀವು ಕಂಡ ನಾಲ್ಕು ಸಂಗತಿಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಕೆರೆಯಲ್ಲಿ ನೀರು ಎಲ್ಲಿಯವರೆಗಿತ್ತು, ಹೊಲದಲ್ಲಿ ಯಾವ ಬೆಳೆಯಿತ್ತು, ಬೆಟ್ಟದ ಬಣ್ಣ ಯಾವುದು, ಯಾವ ಹಕ್ಕಿ ಕೂಗುತ್ತಿತ್ತು ಎಂಬಷ್ಟು ಸಾಕು. ಹತ್ತು ವರ್ಷ ಕಳೆಯಲಿ. ಆಗ ನಿಮ್ಮ ಬಳಿ ಇರುವುದು ಬರಿಯ ಚಿತ್ರಗಳಲ್ಲ, ನಿಮ್ಮ ಊರಿನ ಚರಿತ್ರೆ. ಗ್ರೀನ್‌ಲಾ ದೂರದ ದೇಶದಿಂದ ಬಂದು ನಮ್ಮ ಹಂಪೆಗೆ ಮಾಡಿದ ಉಪಕಾರವನ್ನು ನಮ್ಮ ಊರಿಗೆ ನಾವೇ ಮಾಡಿಕೊಳ್ಳಬಾರದೇ?

ಪ್ರವಾಸ ಹೋದಾಗಲೂ ನಮ್ಮ ಮಾಸ್ತರರ ಕ್ರಮವನ್ನು ಕೊಂಚವಾದರೂ ಅನುಸರಿಸಬಹುದು. ಅರ್ಧ ಗಂಟೆ ಹೆಚ್ಚೆನಿಸಿದರೆ ಐದು ನಿಮಿಷವಾದರೂ ಕೈ ಬರಿದಾಗಿರಲಿ. ಮೊದಲು ಸುತ್ತಲೂ ನೋಡಿ; ಏನು, ಏಕೆ, ಹೇಗೆ ಎಂದು ಕೇಳಿಕೊಳ್ಳಿ. ಆ ಜಾಗದ ಬಗ್ಗೆ ಬಲ್ಲವರು ಹತ್ತಿರದಲ್ಲಿದ್ದರೆ ಅವರನ್ನು ಮಾತನಾಡಿಸಿ. ಆಮೇಲೆ ಚಿತ್ರ ತೆಗೆಯಿರಿ. ನಿಮ್ಮ ಮುಖವೂ ಅದರಲ್ಲಿರಲಿ, ಬೇಡವೆನ್ನುವವರಾರು?

ಈಚೆಗೆ ವಿರೂಪಾಕ್ಷನ ಗುಡಿಯ ಆ ಕತ್ತಲೆಯ ಕೋಣೆಗೆ ನಾನು ಮತ್ತೆ ಹೋಗಿದ್ದೆ. ನನ್ನ ಮುಂದೆ ಮಕ್ಕಳ ಗುಂಪೊಂದು ಒಳನುಗ್ಗಿತು. ಹೊರಗಿನ ಬಿಸಿಲಿನಿಂದ ಬಂದ ಅವರಿಗೆ ಒಳಗೆ ಏನೂ ಕಾಣಲಿಲ್ಲ. ಒಬ್ಬನು ಮೊಬೈಲಿನ ದೀಪವನ್ನು ಹಚ್ಚಿದನು. ಗೋಡೆ ಬೆಳಗಿತು, ಗೋಪುರ ಮಾಯವಾಯಿತು. “ಇಲ್ಲೇನೂ ಇಲ್ಲ ಬಾರೋ” ಎಂದು ಅವರು ಹೊರಟುಹೋದರು. ಹುಡುಗಿಯೊಬ್ಬಳು ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಮೆಲ್ಲಮೆಲ್ಲನೆ ಕತ್ತಲೆಗೆ ಹೊಂದಿಕೊಂಡಿತು. ಎದುರಿನ ಗೋಡೆಯ ಮೇಲೆ ಮಹಾಗೋಪುರವು ತಲೆಕೆಳಗಾಗಿ, ಮಸುಕಾಗಿ, ಮೂಡಿಬಂದಿತು. ಅವಳು ಬಾಗಿಲ ಕಡೆಗೆ ತಿರುಗಿ, ಹೋದವರನ್ನೆಲ್ಲ ಹೆಸರು ಹಿಡಿದು ಕೂಗಿ ಕರೆಯತೊಡಗಿದಳು.